ಯಾವ ಡಿಗ್ರಿಯಾದರೂ ಆಗ್ತದಂತೆ!

ಪಕ್ಕದ ಮನೆಯ ಹುಡುಗ ಮೆಕ್ಯಾನಿಕಲ್ ಮುಗಿಸಿ ಎಂಬಿಎಗೆ ಸೀಟು ಮಾಡಿಕೊಂಡಿದ್ದಾನೆ. ಕ್ಲಾಸು ಶುರುವಾಗಲು ಇನ್ನೂ ಎರಡು ತಿಂಗಳು ಉಂಟು. ಮೊನ್ನೆ ಹಂಪನಕಟ್ಟೆಯಲ್ಲಿ ಸಿಕ್ಕಿದವನು, "ಅಣ್ಣಾ, ಈಗ ಎಂತ ಓದುವುದು? ಕಾಲೇಜಿನವರು ಏನೂ ಬೇಡ, ಯಾವ ಡಿಗ್ರಿಯಾದರೂ ಆಗ್ತದೆ ಅಂದಿದ್ದಾರೆ" ಅಂದ. ಇದೇ ಮಾತು ನಂಬಿ ನಾನೂ ಹಾಳಾದವನು ಮಾರಾಯ್ರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನೂ ಇಂಜಿನಿಯರಿಂಗ್ ಮಾಡಿಯೇ ಹೋದದ್ದು. ಮೊದಲ ವಾರ ಅಕೌಂಟ್ಸ್ ಸರ್, ಬ್ಯಾಂಕಿಗೆ ಹತ್ತು ಸಾವಿರ ಕಟ್ಟಿದರೆ ಬ್ಯಾಂಕ್ ಅಕೌಂಟ್ ಡೆಬಿಟ್ ಅಂತ ಬೋರ್ಡಿನಲ್ಲಿ ಬರೆದರು. "ಸರ್, ಅದು ಕ್ರೆಡಿಟ್ ಅಲ್ವಾ? ನನ್ನ ಫೋನಿಗೆ ಕ್ರೆಡಿಟೆಡ್ ಅಂತಲೇ ಮೆಸೇಜು ಬರುವುದು" ಅಂದೆ. ಬಿಕಾಂನವರೆಲ್ಲ ನಕ್ಕರು. ಸರ್ ಕೂಡ ನಕ್ಕು ಮುಂದೆ ಹೋದರು. ಅಲ್ಲಿಂದ ಒಂದು ತಿಂಗಳು ಎಂಟ್ರಿಗಳನ್ನು ಅಂದಾಜಿಗೆ ಬರೆದೆ, ಒಂದು ಲೆಕ್ಕವೂ ಟ್ಯಾಲಿ ಆಗಲಿಲ್ಲ. ಕೊನೆಗೆ ಬಿಕಾಂ ಮಾಡಿದ ಅಕ್ಕ ನನ್ನ ಪಾಸ್‌ಬುಕ್ ತೆಗೆದು ಮುಂದಿಟ್ಟಳು. "ಇದು ನಿನ್ನ ಲೆಕ್ಕ ಅಲ್ಲ, ಬ್ಯಾಂಕಿನ ಲೆಕ್ಕ. ನೀನು ಕಟ್ಟಿದ ದುಡ್ಡು ಅವರಿಗೆ ಸಾಲ, ನಿನಗೆ ವಾಪಸ್ ಕೊಡಬೇಕು. ಹಾಗಾಗಿ ಅವರ ಪುಸ್ತಕದಲ್ಲಿ ಕ್ರೆಡಿಟ್. ನಿನ್ನ ಪುಸ್ತಕದಲ್ಲಿ ಅದು ಆಸ್ತಿ, ಡೆಬಿಟ್." ಐದು ನಿಮಿಷದ ಮಾತು!

1906ರಿಂದ 1931ರ ಒಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ಬ್ಯಾಂಕು ಹುಟ್ಟಿಸಿದ ಮಂಗಳೂರು-ಉಡುಪಿಯವನು ನಾನು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುವ ಪಿಗ್ಮಿ ಉಳಿತಾಯ 1928ರಲ್ಲಿ ಶುರುವಾದದ್ದೂ ಇಲ್ಲೇ. ನನ್ನ ಅಜ್ಜಿಗೆ ಪಿಗ್ಮಿ ಲೆಕ್ಕ ಬಾಯಲ್ಲೇ ಇತ್ತು. ನನಗೆ ಪಾಸ್‌ಬುಕ್ ಓದಲು ಬರುತ್ತಿರಲಿಲ್ಲ.

ಯಾವ ಡಿಗ್ರಿಯಾದರೂ ಸರಿ ಅನ್ನುವುದು ಸುಳ್ಳಲ್ಲ. ಐಐಎಂನಂಥ ಕಾಲೇಜುಗಳ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಬರೆಯಲೂ ಡಿಗ್ರಿಯಲ್ಲಿ 50% ಇದ್ದರೆ ಸಾಕು, ಎಸ್‌ಸಿ, ಎಸ್‌ಟಿಯವರಿಗೆ 45%. ಪರೀಕ್ಷೆಯಲ್ಲಿ ಕೇಳುವುದು ಇಂಗ್ಲಿಷು, ಲಾಜಿಕ್ಕು, ಶಾಲೆಯ ಗಣಿತ. ಬ್ಯಾಲೆನ್ಸ್ ಶೀಟ್ ಕೇಳುವುದಿಲ್ಲ. ಆದರೆ ಅದು ಗೇಟು ದಾಟುವ ರೂಲು ಅಷ್ಟೆ, ಒಳಗೆ ಹೋದ ಮೇಲೆ ಬೇಕಾಗುವುದು ಬೇರೆ. ಅಮೆರಿಕದ ಕೆಲವು ಕಾಲೇಜುಗಳು ಅಕೌಂಟ್ಸ್, ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್ ಮೊದಲೇ ಪಾಸಾಗಿ ಬಾ ಅನ್ನುತ್ತವೆ, ಡಿಗ್ರಿಯಲ್ಲಿ ಓದಿದವರಿಗೆ ವಿನಾಯಿತಿ. ಇದು ಫೀಸು ಕೀಳುವ ದಾರಿ ಅಂದುಕೊಂಡಿದ್ದೆ. ಸ್ವಲ್ಪ ಹೌದು ಕೂಡ. ಆದರೂ ನಮ್ಮ ಕಾಲೇಜಿನ ಐದು ದಿನದ ಬ್ರಿಡ್ಜ್ ಕೋರ್ಸಿಗಿಂತ (ಕ್ಲಾಸಿಗೆ ಮುಂಚಿನ ತಯಾರಿ ಪಾಠ) ಅದೇ ವಾಸಿ. ನಮ್ಮಲ್ಲಿ ಒಂದು ದಿನ ದೀಪ ಬೆಳಗಿಸಲಿಕ್ಕೆ, ಒಂದು ದಿನ ಪರಿಚಯದ ಆಟಕ್ಕೆ, ಉಳಿದ ಮೂರು ದಿನ ನಾಯಕತ್ವದ ಭಾಷಣ!

ಸ್ಟಾಟಿಸ್ಟಿಕ್ಸ್ ಯಾಕೆ ಬೇಕು ಅನ್ನುವವರು ದಕ್ಕೆಗೆ, ಅಂದರೆ ಮೀನು ಬೋಟಿನ ಬಂದರಿಗೆ, ಹೋಗಿ ಬನ್ನಿ. ಜೂನ್, ಜುಲೈ 61 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನಿನ ರೇಟು ಏರುತ್ತದೆ. ಇಡೀ ವರ್ಷದ ಬಂಗುಡೆ ರೇಟಿನ ಸರಾಸರಿ ಹಿಡಿದು ಹೋಟೆಲಿನ ಬಜೆಟ್ ಹಾಕಿದವನು ಮಳೆಗಾಲದಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಕು. ಸರಾಸರಿಯಿಂದ ರೇಟು ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಅನ್ನುವುದೇ ಸ್ಟ್ಯಾಂಡರ್ಡ್ ಡೀವಿಯೇಷನ್. ಬೋಟು ನಿಂತಾಗ ರೇಟು ಯಾಕೆ ಏರಿತು ಅನ್ನುವುದು ಎಕನಾಮಿಕ್ಸಿನ ಮೊದಲ ಪಾಠ.

ಹುಡುಗನಿಗೆ ದುಡ್ಡು ಕೊಟ್ಟು ಕೋಚಿಂಗ್ ಹೋಗಬೇಡ ಅಂದೆ. ಪಿಯುಸಿ ಕಾಮರ್ಸಿನ ಅಕೌಂಟೆನ್ಸಿ ಪುಸ್ತಕ ಓದು, ಐಐಟಿಯವರ ಆನ್‌ಲೈನ್ ತಾಣ ಎನ್‌ಪಿಟಿಇಎಲ್‌ನಲ್ಲಿ ಫ್ರೀ ಪಾಠಗಳಿವೆ ನೋಡು, ಎಕ್ಸೆಲ್ ಕಲಿ. ಜೊತೆಗೆ ಒಂದು ಹೋಂವರ್ಕ್ ಕೊಟ್ಟೆ. ಅವನ ಅಮ್ಮ ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ, ಅವರ ಒಂದು ತಿಂಗಳ ಲೆಕ್ಕ ಡೆಬಿಟ್-ಕ್ರೆಡಿಟ್ ಹಾಕಿ ಬರೆ ಅಂತ.

ನಿನ್ನೆ ಪುಸ್ತಕ ಹಿಡಿದು ಬಂದಿದ್ದ. ಹೊಸ ಹೊಲಿಗೆ ಮಿಷನ್ನಿನ ಪೂರ್ತಿ ದುಡ್ಡನ್ನು ಆ ತಿಂಗಳ ಖರ್ಚಿಗೇ ಬರೆದು, "ಅಮ್ಮನಿಗೆ ಲಾಸು" ಅಂತ ತೀರ್ಮಾನ ಮಾಡಿದ್ದಾನೆ. "ಮಿಷನ್ ಎಂತ ಒಂದೇ ತಿಂಗಳಿಗೆ ಮುಗಿದು ಹೋಗ್ತದಾ?" ಅಂತ ಅಮ್ಮ ಜಗಳಕ್ಕೇ ನಿಂತರಂತೆ.

ಅಮ್ಮ ಹೇಳಿದ್ದೇ ಸರಿ. ಮಿಷನ್ನಿನ ದುಡ್ಡನ್ನು ಅದು ಬಾಳುವ ವರ್ಷಗಳಿಗೆಲ್ಲ ಹಂಚಿ ಬರೆಯಬೇಕು. ನಾಳೆ ಸಂಜೆ ಅವನಿಗೆ ಅದೇ, ಡಿಪ್ರಿಸಿಯೇಷನ್ ಪಾಠ.