ಆದ ದೀಕ್ಷಾಸ್ನಾನ ಆಗೇ ಇಲ್ಲಾ ಅಂದ್ರ ಹೆಂಗ್ರಿ?

ಈ ಸಲ ಬರಹ ಸ್ವಲ್ಪ ಉದ್ದ ಐತಿ, ಟೈಮ್ ಇದ್ದಾಗ ಓದ್ರಿ. ಸಣ್ಣ ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಬೇಕೋ ಬ್ಯಾಡೋ ಅನ್ನೋ ವಾದ ನಮ್ಮ ಹುಬ್ಬಳ್ಳಿ, ಗದಗ-ಬೆಟಗೇರಿ ಕ್ರೈಸ್ತರ ಮನ್ಯಾಗ ಹೊಸಾದೇನಲ್ಲ, ಆದ್ರ ಈಗ ಅದು ಲಗ್ನದ ಮಾತುಕತಿ ತನಕ ಬಂದು ಕುಂತೈತಿ. ನಮ್ಮ ಬಳಗದ ಹುಡುಗಿ ಒಬ್ಬಾಕಿ ಅದಾಳ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನಿತನ, ಇನ್ನೂ ತೊಟ್ಟಲದಾಗಿನ ಕೂಸಿದ್ದಾಗ ದೀಕ್ಷಾಸ್ನಾನ ಆಗೈತಿ, ದೊಡ್ಡಾಕಿ ಆದಮ್ಯಾಲೆ ಕ್ಲಾಸಿಗೆ ಹೋಗಿ, ತನ್ನ ನಂಬಿಕಿ ತಾನೇ ಸಭಾದ ಮುಂದ ಒಪ್ಪಿಕೊಳ್ಳೋ ಕನ್ಫರ್ಮೇಶನ್ನೂ ಆಗೈತಿ, ಈಗ ಸಂಡೇ ಸ್ಕೂಲಿನ್ಯಾಗ ಟೀಚರ್. ಹುಡುಗನ ಮನಿಯವರು ಬ್ಯಾರೆ ಫೆಲೋಶಿಪ್ಪಿನವರು, ಅಂದ್ರ ದೊಡ್ಡಾಗಿ ನಂಬಿದವರಿಗಷ್ಟೇ ದೀಕ್ಷಾಸ್ನಾನ ಅನ್ನೋ ಸಭಾದವರು. ಎರಡೂ ಕಡೆ ಒಪ್ಪಿಗಿ ಆಗಿ, ಇನ್ನೇನು ಲಗ್ನದ ಹಾಲಿಗೆ ಅಡ್ವಾನ್ಸ್ ಕೊಡಬೇಕು ಅನ್ನೋದ್ರಾಗ ಅಲ್ಲಿ ಪಾಸ್ಟರ್ ಹೇಳಿ ಕಳಿಸ್ಯಾರ: ಹುಡುಗಿ ಮೊದಲ ಮುಳುಗಿ ದೀಕ್ಷಾಸ್ನಾನ ತಗೋಬೇಕು, ಸಣ್ಣಾಕಿದ್ದಾಗ ಆಗಿದ್ದು ಲೆಕ್ಕಕ್ಕಿಲ್ಲ.

ನನ್ನ ತಕರಾರು ಇರೋದು ಈ "ಲೆಕ್ಕಕ್ಕಿಲ್ಲ" ಅನ್ನೋ ಮಾತಿಗೆ. ಕೂಸಿಗೆ ಕೊಡಬಾರದು ಅನ್ನೋರಿಗೆ ಗಟ್ಟಿ ಕಾರಣ ಅದಾವು, ಅದನ್ನ ನಾ ಅಲ್ಲಗಳೆಯಂಗಿಲ್ಲ. ನಂಬಿ ದೀಕ್ಷಾಸ್ನಾನ ತಗೊಂಡವನಿಗೆ ರಕ್ಷಣೆ ಅಂತ ಮಾರ್ಕ 16:16 ಹೇಳ್ತೈತಿ, ಅಲ್ಲಿ ನಂಬಿಕಿ ಮೊದಲ, ನೀರು ಆಮ್ಯಾಲೆ. ಇಂಥಾ ಕೂಸಿಗೆ ಇಂಥಲ್ಲಿ ಕೊಟ್ರು ಅಂತ ಹೊಸ ಒಡಂಬಡಿಕ್ಯಾಗ ಒಂದು ವಚನಾನೂ ಸಿಗಂಗಿಲ್ಲ. ನಮ್ಮ ಹಿರ್ಯಾರು ಕೆಲವರು "ಮೊದಲಿಂದ ಎಲ್ಲಾರೂ ಕೂಸುಗಳಿಗೇ ಕೊಡ್ತಿದ್ರು" ಅಂತ ಜೋರಾಗಿ ಹೇಳ್ತಾರ, ಅದೂ ಪೂರಾ ಖರೇ ಅಲ್ಲ. ಕ್ರಿ.ಶ. 200ರ ಸುಮಾರಿಗೆ ತೆರ್ತುಲಿಯನ್ ಅನ್ನೋ ಕ್ರೈಸ್ತ ಪಂಡಿತ, ಸಣ್ಣ ಮಕ್ಕಳಿಗೆ ಯಾಕ ಅವಸರ, ತಿಳುವಳಿಕಿ ಬರಲಿ ಅಂತ ಬರದಾನ. ಹುಟ್ಟಿದ ಕೂಸಿಗೂ ಪಾಪದ ಹೊರಿ ಇರತೈತಿ, ಅದಕ್ಕ ದೀಕ್ಷಾಸ್ನಾನ ಬೇಕು ಅಂತ ವಾದಾ ಮಾಡಿದ ಕ್ರೈಸ್ತ ಪಂಡಿತ ಅಗಸ್ಟೀನನ ತಾಯಿ ಮೋನಿಕಾ ಎಂಥಾ ಭಕ್ತಿವಂತಿ, ಆದ್ರೂ ಅವಗ ದೀಕ್ಷಾಸ್ನಾನ ಆಗಿದ್ದು 387ರಾಗ, ಮಿಲಾನಿನ್ಯಾಗ, 32 ವರ್ಷದಾಂವ ಇದ್ದಾಗ. ರೋಮಿನ ಕಾನ್ಸ್ಟಂಟೈನ್ ರಾಜಾ ಅಂತೂ 337ರಾಗ ಸಾಯೋ ಹಾಸಿಗಿ ಮ್ಯಾಲೆ ತಗೊಂಡ. ಆದ್ರ ತೆರ್ತುಲಿಯನ್ ಬ್ಯಾಡ ಅಂತ ಬರಿಬೇಕಾದ್ರ ಆಗಲೇ ಯಾರೋ ಕೂಸುಗಳಿಗೆ ಕೊಡ್ತಿದ್ರು ಅಂತಾನೂ ಆತಲ್ಲ? ಎರಡೂ ಪದ್ಧತಿ ಹಳೇವೇ.

ನಮ್ಮ ಕಡೆ ಮಾತು ಏನಂದ್ರ ಬೈಬಲಿನ್ಯಾಗ ಫಿಲಿಪ್ಪಿ ಊರಾಗ ಲುದ್ಯ ಅನ್ನಾಕಿ ಮನಿಮಂದಿ ಸಮೇತ ದೀಕ್ಷಾಸ್ನಾನ ತಗೊಂಡ್ಲು, ಅದೇ ಊರಿನ ಜೈಲಿನ ಅಧಿಕಾರಿನೂ ಹಂಗ, ಕೊರಿಂಥದ ಸ್ತೆಫನನ ಮನಿಯವರೂ ಹಂಗ. ಆ ಮನ್ಯಾಗ ಕೂಸುಗಳಿದ್ವೋ ಇಲ್ಲೋ ಬರದಿಲ್ಲ. ಅವರು ಇರಲಿಲ್ಲ ಅಂತಾರ, ನಾವು ಇದ್ವು ಅಂತೇವಿ, ಇದರ ಮ್ಯಾಲೆ ಫೇಸ್‌ಬುಕ್ಕಿನ್ಯಾಗ ರಾತ್ರಿ ಎರಡರ ತನಕ ಹೊಡದಾಡೋ ಹುಡುಗರಿಗೆ ಏನ್ ಹೇಳಬೇಕೋ. ನನಗ ಅದಕ್ಕಿಂತ ಗಟ್ಟಿ ಅನ್ನಸೋದು ಒಡಂಬಡಿಕಿ, ಅಂದ್ರ ದೇವರು ತನ್ನ ಮಂದಿ ಜೋಡಿ ಮಾಡಿಕೊಂಡ ಒಪ್ಪಂದದ ವಿಚಾರ. ಯೆಹೂದ್ಯರ ಗಂಡಕೂಸಿಗೆ ಎಂಟನೇ ದಿನಕ್ಕ ಸುನ್ನತಿ, ಆ ಕೂಸನ್ನ ಯಾರು ನಂಬತೀಯೇನಪಾ ಅಂತ ಕೇಳ್ತಿದ್ರು? ಪೌಲ ಕೊಲೊಸ್ಸೆಯವರಿಗೆ ಬರದಾಗ ಸುನ್ನತಿ, ದೀಕ್ಷಾಸ್ನಾನ ಎರಡನ್ನೂ ಒಂದ ಉಸರಿನ್ಯಾಗ ಹೇಳ್ತಾನ. ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದ ದಿನ ಯೇಸುವಿನ ಶಿಷ್ಯ ಪೇತ್ರ, ಈ ವಾಗ್ದಾನ ನಿಮಗೂ ನಿಮ್ಮ ಮಕ್ಕಳಿಗೂ ಅಂದ. ದೇವರು ಮೊದಲ ಕರೀತಾನ, ನಾವು ಆಮ್ಯಾಲೆ ಹೂಂ ಅಂತೇವಿ. ನಮ್ಮ ಓಣ್ಯಾಗಿನ ಲಿಂಗಾಯತರ ಅಮ್ಮಗ ಇದನ್ನ ಬಿಡಿಸಿ ಹೇಳೋದೇ ಬೇಕಾಗಲಿಲ್ಲ. "ನಾವೂ ಹುಟ್ಟಿದ ಕೂಸಿಗೇ ಲಿಂಗಾ ಕಟ್ಟತೇವಿ, ದೀಕ್ಷಾ ಮುಂದ ದೊಡ್ಡಾದಮ್ಯಾಲೆ. ಅದಕ್ಯಾಕ ಜಗಳಾ ಮಾಡ್ತೀರೋ ತಮ್ಮಾ" ಅಂದ್ಲು.

ಇನ್ನ ಮುಳುಗೋದು. ಮುಳುಗಿಸಿದ್ರ ವಿಶ್ವಾಸಿಗಳದು, ತಲಿಗೆ ನೀರು ಹಾಕಿದ್ರ ಕೂಸಿಂದು ಅಂತ ನಮ್ಮ ಕಡೆ ಒಂದು ಲೆಕ್ಕ ಐತಿ. ಆದ್ರ ಆ ಲೆಕ್ಕ ಕೂಡಂಗಿಲ್ಲ. ಆರ್ಥೊಡಾಕ್ಸ್ ಚರ್ಚಿನವರು ಕೂಸನ್ನೇ ಮೂರು ಸಲ ಮುಳುಗಿಸಿ ತಗೀತಾರ, ಎಣ್ಣಿ ಹಚ್ಚಿ, ಆ ಕೂಸಿಗೇ ರೊಟ್ಟಿ-ದ್ರಾಕ್ಷಾರಸದ ಪ್ರಭುಭೋಜನಾನೂ ಕೊಡ್ತಾರ. ಇತ್ತ ದೊಡ್ಡವರ ದೀಕ್ಷಾಸ್ನಾನ ಅಂತ ಮೊದಲ ಎದ್ದು ನಿಂತ ಅನಬ್ಯಾಪ್ಟಿಸ್ಟರು, 1525ರ ಜನವರಿಯೊಳಗ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಒಂದು ಮನ್ಯಾಗ ಒಬ್ಬರಿಗೊಬ್ಬರು ಕೊಟ್ಟಿದ್ದು ತಲಿಮ್ಯಾಲೆ ನೀರು ಸುರದೇ. ಅವರೊಳಗ ಫೆಲಿಕ್ಸ್ ಮಾಂಟ್ಸ್ ಅನ್ನಾಂವನ್ನ 1527ರಾಗ ಕೈಕಾಲು ಕಟ್ಟಿ ಲಿಮ್ಮಾಟ್ ನದಿಯೊಳಗ ಮುಳುಗಿಸಿ ಕೊಂದ್ರು. ಕೊಲ್ಲಸಿದವರು ಪ್ರಾಟೆಸ್ಟಂಟ್ ಊರಿನ ಕೌನ್ಸಿಲ್ಲಿನವರೇ, ಅಂದ್ರ ಕೂಸಿಗೆ ಕೊಡಬೇಕು ಅಂತಿದ್ದ ನಮ್ಮ ಪಾರ್ಟಿಯವರೇ. ಫೆಲೋಶಿಪ್ಪಿನವರನ್ನ ನೋಡಿ ನಗೋ ನಮ್ಮ ಮಂದಿ ಇದನ್ನೂ ಸ್ವಲ್ಪ ನೆನಪಿಟ್ಟುಕೋಬೇಕು.

ನಮ್ಮ ಕಡೆ ಕೂಸಿಗೆ ಕೊಡೋ ಪದ್ಧತಿ ತಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. 1834ರಾಗ ಮಂಗಳೂರಿಗೆ ಬಂದ್ರು, 1837ರಾಗ ಧಾರವಾಡ, 1839ರಾಗ ಹುಬ್ಬಳ್ಳಿ, 1841ರಾಗ ಬೆಟಗೇರಿ. ನಮ್ಮ ಮೊದಲ ತಲಿಮಾರಿನೊಳಗ ಹಿರ್ಯಾರು ಕಲತು, ಯೋಚನಿ ಮಾಡಿ, ಬಳಗದ ಸಿಟ್ಟು ಕಟಗೊಂಡು ದೊಡ್ಡವರಾಗೇ ತಗೊಂಡವರು, ಆಮ್ಯಾಲೆ ಹುಟ್ಟಿದ ಮಕ್ಕಳಿಗೆ ಕೂಸಿದ್ದಾಗ ಸಿಕ್ತು. ಮಜಾ ಅಂದ್ರ ಅದೇ ಬಾಸೆಲ್ ಊರಾಗ ಹುಟ್ಟಿ ಅಲ್ಲೇ ದೇವಶಾಸ್ತ್ರದ ಪ್ರೊಫೆಸರ್ ಆಗಿದ್ದ ಕಾರ್ಲ್ ಬಾರ್ತ್, 1943ರಾಗ ಕೂಸಿನ ದೀಕ್ಷಾಸ್ನಾನ ಸರಿಯಾದ ಪದ್ಧತಿ ಅಲ್ಲ ಅಂತ ಉಪನ್ಯಾಸ ಕೊಟ್ಟ. ಫೆಲೋಶಿಪ್ಪಿನ ಓದಿಕೊಂಡ ಹುಡುಗರು ಬಾರ್ತ್ ಹಿಂಗಂದಾನ ನೋಡ್ರಿ ಅಂತ ತೋರಸ್ತಾರ. ಆದ್ರ ಅವನೇ, ಪದ್ಧತಿ ತಪ್ಪಿದ್ರೂ ಆಗಿದ್ದು ಖರೇ ದೀಕ್ಷಾಸ್ನಾನನ, ಅದನ್ನ ತಿರಗಿ ಕೊಡಬಾರದು ಅಂತಾನೂ ಅಂದಾನ. ಆ ಅರ್ಧಾ ಮಾತು ಯಾರ ಸ್ಕ್ರೀನ್‌ಶಾಟಿನ್ಯಾಗೂ ಬರಂಗಿಲ್ಲ.

ಅವರ ಉತ್ತರಾನೂ ನನಗ ಗೊತ್ತೈತಿ. "ನಾವು ಎರಡನೇ ಸಲ ಕೊಡಾಕತ್ತಿಲ್ಲ, ಮೊದಲಿಂದು ದೀಕ್ಷಾಸ್ನಾನನೇ ಅಲ್ಲ, ಹಂಗಾಗಿ ಇದೇ ಮೊದಲಿಂದು." ಅದಕ್ಕ ಒಮ್ಮೆ ಆಗಿದ್ರೂ ತಿರಗಿ ದೀಕ್ಷಾಸ್ನಾನ ತಗೊಂಡ ಎಫೆಸದ ಶಿಷ್ಯರನ್ನ ತೋರಸ್ತಾರ, ಅಪೊಸ್ತಲರ ಕೃತ್ಯಗಳು 19. ಆದ್ರ ಅವರು ತಗೊಂಡಿದ್ದು ಸ್ನಾನಿಕ ಯೋಹಾನಂದು, ಯೇಸುವಿನ ಹೆಸರಿಂದಲ್ಲ. ನಮ್ಮ ಹುಡುಗಿಗೆ ಅಯ್ಯನವರು ಎಡಗೈ ಮ್ಯಾಲೆ ಮಲಗಿಸಿಕೊಂಡು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನ್ಯಾಗ ಮೂರು ಸಲ ಹಣಿಗೆ ನೀರು ಹಾಕ್ಯಾರ, ಆಕಿ ಚರ್ಚ್ ಹಾರಿ ಹೋಗೋ ಹಂಗ ಒದರ್ಯಾಳ, ಇಳಕಲ್ ಸೀರಿ ಉಟ್ಟ ಅಜ್ಜಿ ಸೆರಗಿಲೇ ತಲಿ ಒರಸ್ಯಾಳ, ರಿಜಿಸ್ಟರಿನ್ಯಾಗ ಹೆಸರು ಐತಿ. ಇದರಾಗ ಏನ್ ಕಮ್ಮಿ ಬಿತ್ತು? ಆಕಿ ನಂಬಿಕಿ ಅಂತೀರಿ. ಅದನ್ನ ಆಕಿ ಕನ್ಫರ್ಮೇಶನ್ ದಿನ ಇಡೀ ಸಭಾದ ಮುಂದ ತನ್ನ ಬಾಯಿಲೇ ಹೇಳ್ಯಾಳಲ್ಲ.

ಆಕಿ ನನ್ನ ಮುಂದ ಒಂದು ಮಾತು ಅಂದ್ಲು. "ಕಾಕಾ, ನೀರಾಗ ಮುಳುಗಾಕ ನನಗೇನು ಅಂಜಿಕಿಲ್ಲ. ಆದ್ರ ಇಷ್ಟು ದಿನ ಮಕ್ಕಳಿಗೆ ಪಾಠ ಹೇಳಿದ್ದು, ಪ್ರಭುಭೋಜನ ತಗೊಂಡಿದ್ದು, ಎಲ್ಲಾ ಕ್ರೈಸ್ತಳಲ್ಲದಾಕಿ ಮಾಡಿದ್ದು ಅಂತ ನಾನೇ ಒಪ್ಪಿಕೊಂಡಂಗ ಆಗ್ತೈತಲ್ಲ?" ಇದಕ್ಕ ಆ ಪಾಸ್ಟರ್ ಕಡೆ ಉತ್ತರ ಇದ್ರ ಕೇಳಾಕ ನಾ ತಯಾರ ಇದ್ದೇನಿ.

ಮನಸ್ಸು ಬದಲಾಗಬಾರದು ಅಂತ ನಾ ಅನ್ನಂಗಿಲ್ಲ. ಅಡೋನಿರಾಮ್ ಜಡ್ಸನ್ ಅನ್ನೋ ಮಿಷನರಿ 1812ರಾಗ ಅಮೆರಿಕಾದಿಂದ ಹಡಗ ಹತ್ತಬೇಕಾದ್ರ ಕೂಸಿನ ದೀಕ್ಷಾಸ್ನಾನ ಒಪ್ಪೋ ಪಂಗಡದಾಂವ, ದಾರ್ಯಾಗ ಬೈಬಲ್ ಓದಿ ಓದಿ ವಿಚಾರ ಬದಲಾಗಿ ಕಲ್ಕತ್ತಾದಾಗ ಮುಳುಗಿ ತಗೊಂಡ. ಹೆಂಡತಿ ಆನ್, ನೀವು ಬೇಕಾದ್ರ ಆಗ್ರಿ, ನಾ ಆಗಂಗಿಲ್ಲ ಅಂದಿದ್ಲು, ಆಮ್ಯಾಲೆ ತಾನೂ ಓದಿ, ತಾನೇ ಒಪ್ಪಿ ತಗೊಂಡ್ಲು. ಆಕಿಗೆ ಯಾರೂ ಹಾಲ್ ಅಡ್ವಾನ್ಸ್ ತೋರಿಸಿ ಶರತ್ತು ಹಾಕಿರಲಿಲ್ಲ. ವಿಶ್ವಾಸಿಯ ಸ್ವಂತ ನಿರ್ಧಾರಾನೇ ಮುಖ್ಯ ಅನ್ನೋರು ಲಗ್ನದ ಸಲುವಾಗಿ ನಿರ್ಧಾರ ಮಾಡಸೋದು ಯಾವ ನ್ಯಾಯರೀ?

ನಮ್ಮವರಿಗೂ ಎರಡು ಮಾತು ಅನ್ನದ ಬಿಡಂಗಿಲ್ಲ. ಈಗಿನ ದೀಕ್ಷಾಸ್ನಾನ ಅಂದ್ರ ಪೆಂಡಾಲ್, ಕೇಕ್, ಬಿರಿಯಾನಿ, ಫೋಟೋಗ್ರಾಫರ್ ಅಯ್ಯನವರನ್ನೇ ಸ್ವಲ್ಪ ಆಕಡೆ ಸರೀರಿ ಅಂತಾನ. ಗಾಡ್‌ಫಾದರ್ ಯಾರಂದ್ರ ದುಬೈದಾಗಿರೋ ಮಾವ, ಊರಿಗೆ ಬಂದಾಗೂ ಚರ್ಚಿನ ಕಡೆ ಹಾಯಂಗಿಲ್ಲ. ತಂದಿ-ತಾಯಿ ಪುಸ್ತಕದಾಗಿನ ಪ್ರಮಾಣ ಓದ್ತಾರ, ಮರುವಾರದಿಂದ ಪತ್ತೆ ಇಲ್ಲ. ಕೂಸಿನ ಬದಲಿ ನಂಬತೇವಿ ಅಂದವರು ನಂಬದಿದ್ರ ಫೆಲೋಶಿಪ್ಪಿನವರು ಕೇಳೋ ಪ್ರಶ್ನಿ ನ್ಯಾಯದ್ದೇ. ಅಂಥಾ ಮನಿಯವರಿಗೆ ಸ್ವಲ್ಪ ತಡೀರಿ, ಮೊದಲ ನೀವು ಬರ್ರಿ ಅನ್ನೋ ಧೈರ್ಯ ನಮ್ಮ ಸಭಾಪಾಲಕರು ಮಾಡಬೇಕು, ಮಾಡಂಗಿಲ್ಲ, ವಂತಿಗಿ ಕೊಡೋ ಮನಿ ಇದ್ರ ಅಂತೂ ಕೇಳಬ್ಯಾಡ್ರಿ.

ಕೂಡಿ ಬಾಳೋ ದಾರಿ ಇಲ್ಲೇನು? ಉತ್ತರ ಭಾರತದ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) 1970ರಾಗ ಆದಾಗ, ದೊಡ್ಡಾಗಿ ನಂಬಿದವರಿಗಷ್ಟೇ ಕೊಡೋ ಬ್ಯಾಪ್ಟಿಸ್ಟರೂ ಅದರಾಗ ಸೇರಿದ್ರು. ಕೂಸಿಗೆ ಕೊಡಸೋರು ಕೊಡಸ್ರಿ, ದೊಡ್ಡಾದಮ್ಯಾಲೆ ತಗೊಳ್ಳೋರು ಹಂಗೇ ತಗೊಳ್ರಿ ಅಂತ ಎರಡೂ ಒಂದ ಸಭಾದಾಗ ಇಟಗೊಂಡ್ರು. 1982ರಾಗ ಪೆರು ದೇಶದ ಲಿಮಾದಾಗ ಬ್ಯಾರೆ ಬ್ಯಾರೆ ಸಭೆಗಳ ಪಂಡಿತರು ಕೂಡಿ ಒಂದು ದಾಖಲೆ ಮಾಡಿದ್ರಲ್ಲ, ಅದರಾಗೂ ದೀಕ್ಷಾಸ್ನಾನ ತಿರಗಿ ಮಾಡೋ ಕ್ರಿಯೆ ಅಲ್ಲ ಅಂತೈತಿ. ನಾಳೆ ಈ ಇಬ್ಬರಿಗೆ ಕೂಸು ಹುಟ್ಟಿದ್ರ, ಅದು ದೊಡ್ಡದಾಗಿ ತಾನೇ ತಗೊಳ್ಲಿ ಅಂತ ಅವರು ನಿರ್ಧಾರ ಮಾಡಿದ್ರ ನನ್ನ ಅಡ್ಡಿ ಏನೂ ಇಲ್ಲ, ಆ ಕೂಸಿನ ತಲಿಮ್ಯಾಲೆ ಕೈಯಿಟ್ಟು ಪ್ರಾರ್ಥನಾ ಮಾಡಾಕ ನಾನೇ ಹೋಗ್ತೇನಿ.

ಈಗ ಲಗ್ನ ಅಲ್ಲಿಗೇ ನಿಂತೈತಿ, ಮುರದಿಲ್ಲ. ಹುಡುಗ ನನ್ನ ಮುಂದ, ಅಕಿಗೆ ಒತ್ತಾಯ ಮಾಡಬ್ಯಾಡ್ರಿ ಅಂತ ನಮ್ಮಪ್ಪಗ ಹೇಳೇನ್ರಿ ಅಂದ, ಅಪ್ಪನೂ ಪೂರಾ ಇಲ್ಲಾ ಅಂದಿಲ್ಲ. ಬರೋ ರವಿವಾರ ಆರಾಧನಾ ಮುಗದಮ್ಯಾಲೆ ಎರಡೂ ಕಡೆ ಹಿರ್ಯಾರು ಕೂಡೋರದಾರ. ದೀಕ್ಷಾಸ್ನಾನದ ಸರ್ಟಿಫಿಕೇಟ್, ಕನ್ಫರ್ಮೇಶನ್ ಸರ್ಟಿಫಿಕೇಟ್ ಎರಡೂ ಝೆರಾಕ್ಸ್ ಮಾಡಿಸಿ ಇಟ್ಟೇನಿ. ಅಷ್ಟಕ್ಕೂ ಅವರು ಒಪ್ಪಲಿಲ್ಲ ಅಂದ್ರ ಮುಂದಿಂದು ಆಕಿ ಹೇಳಿದಂಗ.