ಲೋಗೋ ಇದ್ದ ಮಾತ್ರಕ್ಕೆ ಸುದ್ದಿ ನಿಜವೇ?

ಮಳೆಗಾಲ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ತುಂಗಭದ್ರಾ ಡ್ಯಾಮಿಗೆ ಅಪಾಯ ಎನ್ನುವ ಚಿತ್ರ ಸುತ್ತುತ್ತದೆ. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಟಿವಿ ಲೋಗೋ. ‘ಲೋಗೋ ಇದೆಯಲ್ಲ, ಸುಳ್ಳು ಹೇಗಾಗುತ್ತೆ?’ ಎಂಬ ನಂಬಿಕೆಯೇ ತಪ್ಪು.

ಯಾವ ಫೋಟೊ ಮೇಲೆ ಬೇಕಾದರೂ ಮೊಬೈಲಲ್ಲೇ ಲೋಗೋ ಅಂಟಿಸಬಹುದು. ಎಷ್ಟೋ ಸಲ ಫೋಟೊ ಅಸಲಿಯೇ, ಆದರೆ ಹಳೆಯದು. ಡ್ಯಾಮಿಗೆ 33 ಕ್ರೆಸ್ಟ್ ಗೇಟುಗಳಿವೆ, ಅಂದರೆ ಮೇಲ್ಭಾಗದಲ್ಲಿ ನೀರು ಹೊರಬಿಡುವ ಬಾಗಿಲುಗಳು. ಜಲಾಶಯ ತುಂಬಿದಾಗ ಗೇಟು ಎತ್ತಿ ನೀರು ಬಿಡುವುದು ಮಾಮೂಲಿ. ಆ ಬಿಳಿ ನೊರೆ ನೋಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ನದಿ ದಂಡೆಯ ಊರಿನವರು ಗಾಬರಿಯಾಗಿ ನಾಲ್ಕು ಜನಕ್ಕೆ ಕಳಿಸುವುದು ಸಹಜ, ಅಲ್ವಾ?

ಕಳಿಸುವ ಮೊದಲು ಆ ಚಾನೆಲ್‌ನ ಸ್ವಂತ ವೆಬ್‌ಸೈಟಿನಲ್ಲಿ ಅದೇ ಶೀರ್ಷಿಕೆ ಹುಡುಕಿ. ಸಿಗದಿದ್ದರೆ ಅನುಮಾನ ಇರಲಿ. ಸಿಕ್ಕರೆ ದಿನಾಂಕ ನೋಡಿ, ವರ್ಷವನ್ನೂ ಗಮನಿಸಿ. ಗೂಗಲ್ ಲೆನ್ಸ್‌ಗೆ ಫೋಟೊ ಕೊಟ್ಟರೆ ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂಬ ಸುಳಿವು ಸಿಗಬಹುದು. ಡ್ಯಾಮಿನ ನೀರಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ, ಅದನ್ನೂ ನೋಡಿ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1633 ಅಡಿ.

ಇನ್ನೊಂದು ವಿಷಯ. ಜವಾಬ್ದಾರಿ ಇರುವ ಸುದ್ದಿತಾಣ ತಪ್ಪಾದರೆ ವರದಿಯನ್ನು ತಿದ್ದಿ, ತಿದ್ದಿದ್ದೇವೆ ಎಂದು ಅಲ್ಲೇ ಬರೆಯುತ್ತದೆ. ಸ್ಕ್ರೀನ್‌ಶಾಟಿಗೆ ಆ ತಿದ್ದುಪಡಿ ತಲುಪುವುದೇ ಇಲ್ಲ. ಹಾಗಾಗಿ ಚಿತ್ರಕ್ಕಿಂತ ಲಿಂಕ್ ಕೇಳುವುದು ವಾಸಿ.