ಕೂಲ್ ವಿಪ್ ಸಿಗದ ಊರಲ್ಲಿ ಚಾಕೊಲೇಟ್ ಡಿಲೈಟ್

ಇಲ್ಲಿ ಇಂಗ್ಲೆಂಡಿನಲ್ಲಿರುವ ಗೆಳತಿಯರು ನನ್ನನ್ನು ಆಗಾಗ ಕೇಳುತ್ತಾರೆ, ‘ಇಲ್ಲಿ ಕೂಲ್ ವಿಪ್ ಎಲ್ಲಿ ಸಿಗುತ್ತೆ? ಜೆಲ್-ಓ ಪುಡ್ಡಿಂಗ್ ಪ್ಯಾಕೆಟ್ ಎಲ್ಲಾದರೂ ಇದೆಯಾ?’ ಮೊದಲನೆಯದು ಡಬ್ಬಿಯಲ್ಲಿ ಬರುವ ಅಮೆರಿಕದ ರೆಡಿ ಕ್ರೀಮ್ ನೊರೆ, ಎರಡನೆಯದು ಹಾಲಿಗೆ ಕಲಸುವ ಪುಡ್ಡಿಂಗ್ ಪುಡಿ. ಕೇಳುವವರಿಗೆಲ್ಲ ನ್ಯೂಜೆರ್ಸಿಯಲ್ಲೋ ಡಾಲಸ್‌ನಲ್ಲೋ ಒಬ್ಬಳು ಅಕ್ಕನೋ ನಾದಿನಿಯೋ ಇರುತ್ತಾಳೆ. ಅವಳ ಮನೆಯಲ್ಲಿ ತಿಂದ ಪದರ ಪದರದ ಚಾಕೊಲೇಟ್ ಸಿಹಿ ಇವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ನಾನು ಹೇಳುವುದು ಇಷ್ಟೇ: ಹುಡುಕಬೇಡಿ. ಇಲ್ಲಿನ ಸಾಮಾನಿನಲ್ಲಿ ಮಾಡಿದರೆ ಅದು ಅಮೆರಿಕದ್ದಕ್ಕಿಂತ ಚೆನ್ನಾಗಿರುತ್ತದೆ. ಹೌದು, ಜಗಳಕ್ಕೆ ಸಿದ್ಧಳಾಗಿಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 9 ಇಂಚು ಅಗಲ, 13 ಇಂಚು ಉದ್ದದ ಟ್ರೇ. ತಳಕ್ಕೆ ಹಿಟ್ಟು, ಬೆಣ್ಣೆ, ಪೀಕಾನ್ ಬೀಜ ಕಲಸಿ ಬೇಯಿಸಿದ ಪದರ, ಇಲ್ಲವೇ ಪುಡಿ ಮಾಡಿದ ಓರಿಯೋ. ಅದರ ಮೇಲೆ ಸಕ್ಕರೆ ಹಾಕಿದ ಕ್ರೀಮ್ ಚೀಸ್. ಅದರ ಮೇಲೆ ಚಾಕೊಲೇಟ್ ಪುಡ್ಡಿಂಗ್. ಕೊನೆಗೆ ಬಿಳಿ ಕ್ರೀಮ್, ಒಂದಿಷ್ಟು ಚಾಕೊಲೇಟ್ ತುರಿ. ಚಾಕೊಲೇಟ್ ಡಿಲೈಟ್, ಚಾಕೊಲೇಟ್ ಲಶ್, ಚಾಕೊಲೇಟ್ ಲಸಾನ್ಯ ಎಂದೆಲ್ಲ ಕರೆಯುತ್ತಾರೆ. ನಟ ರಾಬರ್ಟ್ ರೆಡ್‌ಫೋರ್ಡ್ ಹೆಸರಲ್ಲೂ ಕರೆಯುತ್ತಾರೆ. ಇನ್ನೂ ಒಂದೆರಡು ಹೆಸರಿವೆ, ಅತ್ತೆ ಮಾವನ ಎದುರು ಹೇಳುವ ಹಾಗಿಲ್ಲ.

ಈ ಸಿಹಿ ಹುಟ್ಟಿದ್ದೇ ಪ್ಯಾಕೆಟ್‌ಗಳಿಂದ. ಕೂಲ್ ವಿಪ್ ಬಂದಿದ್ದು 1966ರಲ್ಲಿ. ನೀರು, ಕಾರ್ನ್ ಸಿರಪ್, ಗಟ್ಟಿ ಮಾಡಿದ ಸಸ್ಯದ ಎಣ್ಣೆ, ಇದೇ ಅದರ ಮೈ. ಅದನ್ನು ಫ್ರೀಜರ್‌ನಲ್ಲಿಟ್ಟು ಮಾರುತ್ತಾರೆ, ಕರಗಿದ ಮೇಲೂ ನೊರೆ ಇಳಿಯುವುದಿಲ್ಲ. ಅದರ ರುಚಿಗೆ ಯಾರೂ ಮರುಳಾಗಿದ್ದಲ್ಲ. ಬೇಸಿಗೆಯ ಪಾರ್ಟಿಯಲ್ಲಿ ಮೇಜಿನ ಮೇಲೆ ಗಂಟೆಗಟ್ಟಲೆ ಇಟ್ಟರೂ ನಿಲ್ಲುತ್ತದೆ ಅಂತ ಬಳಸಿದ್ದು. ಅಂದಮೇಲೆ ನಾವು ಇಲ್ಲಿ ಹುಡುಕಬೇಕಾದ್ದು ಆ ಡಬ್ಬಿಯನ್ನಲ್ಲ. ಆ ಡಬ್ಬಿ ಮಾಡುವ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತದೆ ಅನ್ನುವುದನ್ನು. ಪ್ರತಿ ಪದರಕ್ಕೂ ಇದೇ ಲೆಕ್ಕ.

ತಳ ಸುಲಭ. ಇಲ್ಲಿ ಪೀಕಾನ್ ದುಬಾರಿ, ಅದನ್ನು ಮರೆತುಬಿಡಿ. ಎಲ್ಲರೂ ಡೈಜೆಸ್ಟಿವ್ ಬಿಸ್ಕತ್ತಿಗೆ ಕೈ ಹಾಕುತ್ತಾರೆ, ತಪ್ಪೇನಿಲ್ಲ. ನನ್ನ ಓಟು ಮಾತ್ರ ಬೌರ್ಬನ್‌ಗೆ. ಲಂಡನ್‌ನ ಬರ್ಮಂಡ್ಸಿಯ ಪೀಕ್ ಫ್ರೀನ್ ಕಂಪನಿ 1910ರಲ್ಲಿ ತಂದ ಬಿಸ್ಕತ್ತು ಅದು. ಬೆಂಗಳೂರಿನಲ್ಲಿ ಬೆಳೆದ ನಮಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಿಡಿಸಿ ಕ್ರೀಮ್ ಮೊದಲು ನೆಕ್ಕಿದವರೇ ಎಲ್ಲ! ಓರಿಯೋಗಿಂತ ಸಿಹಿ ಹದವಾಗಿದೆ, ಪುಡಿಯೂ ಚೆನ್ನಾಗಿ ಆಗುತ್ತದೆ. 400 ಗ್ರಾಂ ಡೈಜೆಸ್ಟಿವ್‌ಗೆ 175 ಗ್ರಾಂ ಬೆಣ್ಣೆ ಬೇಕು. ಬೌರ್ಬನ್‌ಗೆ 100 ಸಾಕು, ಒಳಗಿನ ಕ್ರೀಮ್‌ನಲ್ಲೇ ಜಿಡ್ಡಿದೆ. ಅಮೆರಿಕದ ರೆಸಿಪಿ ‘ಒಂದು ಸ್ಟಿಕ್ ಬೆಣ್ಣೆ’ ಅಂದರೆ 113 ಗ್ರಾಂ. ಒಂದು ಕಪ್ ಅಂದರೆ ಸುಮಾರು 240 ಮಿಲಿ ಲೀಟರ್. ಇಷ್ಟು ಗೊತ್ತಿದ್ದರೆ ಸಾಕು, ಕಪ್ ಸೆಟ್ ಕೊಳ್ಳಬೇಡಿ. ಇಲ್ಲಿ ಪ್ರತಿ ಮನೆಯಲ್ಲೂ ತಕ್ಕಡಿ ಇರುತ್ತದೆ ಅಲ್ವಾ?

ಇನ್ನು ಚೀಸ್. ಬಹಳ ಮಂದಿಗೆ ಕೈ ಕೊಡುವುದು ಇದೇ ಪದರ. ಹೆಸರು ಒಂದೇ, ಫಿಲಡೆಲ್ಫಿಯಾ. ಆದರೆ ಅಮೆರಿಕದಲ್ಲಿ ಅದು ಬೆಳ್ಳಿ ಕಾಗದ ಸುತ್ತಿದ ಗಟ್ಟಿ ಇಟ್ಟಿಗೆ, 227 ಗ್ರಾಂ. ಅಲ್ಲಿನ ಕಾನೂನಿನ ಪ್ರಕಾರ ಕ್ರೀಮ್ ಚೀಸ್‌ನಲ್ಲಿ ಕನಿಷ್ಠ ಶೇ 33 ಕೊಬ್ಬು ಇರಬೇಕು. ಇಲ್ಲಿ ಟಬ್‌ನಲ್ಲಿ ಬರುವುದು ಬ್ರೆಡ್ಡಿಗೆ ಹಚ್ಚುವ ಮೆತ್ತನೆಯ ಚೀಸ್. ಕೊಬ್ಬು ಶೇ 20ರ ಆಸುಪಾಸು, ನೀರು ಜಾಸ್ತಿ. ಇದಕ್ಕೆ ಒಂದು ಕಪ್ ಐಸಿಂಗ್ ಶುಗರ್ ಹಾಕಿ ಬೀಟರ್ ಓಡಿಸಿದಿರೋ, ಸಕ್ಕರೆ ನೀರೆಳೆದು ಎಲ್ಲ ದೋಸೆ ಹಿಟ್ಟಾಗುತ್ತದೆ. ಆಮೇಲೆ ಫ್ರಿಜ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಅಷ್ಟೆ.

ದಾರಿ ಇದೆ. ಮೊದಲು ಟಬ್‌ನಲ್ಲಿ ಮೇಲೆ ನಿಂತ ನೀರು ಬಸಿದುಬಿಡಿ. ಪುರುಸೊತ್ತಿದ್ದರೆ ಬಟ್ಟೆಯಲ್ಲಿ ಒಂದೆರಡು ಗಂಟೆ ಕಟ್ಟಿಡಿ. ಆಮೇಲೆ 150 ಮಿಲಿ ಲೀಟರ್ ಡಬಲ್ ಕ್ರೀಮ್‌ಗೆ (ಇಲ್ಲಿ ಸಿಗುವ ಗಟ್ಟಿ ಕ್ರೀಮ್) 80 ಗ್ರಾಂ ಐಸಿಂಗ್ ಶುಗರ್ ಹಾಕಿ ಅರ್ಧ ಗಟ್ಟಿಯಾಗುವ ತನಕ ಬೀಟ್ ಮಾಡಿ. ಅದಕ್ಕೆ 280 ಗ್ರಾಂನಷ್ಟು ಚೀಸ್ ಹಾಕಿ ಚಮಚದಲ್ಲಿ ಮಡಚಿ ಮಡಚಿ ಸೇರಿಸಿ. ಚೀಸ್‌ನ ಹುಳಿ ಸೇರುತ್ತಿದ್ದಂತೆ ಕ್ರೀಮ್ ತಾನೇ ಬಿಗಿಯುತ್ತದೆ. ಇಲ್ಲಿನವರು ಬೇಯಿಸದ ಚೀಸ್‌ಕೇಕ್ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಲೈಟ್ ಅಂತ ಬರೆದ ಟಬ್ ಮಾತ್ರ ಮುಟ್ಟಬೇಡಿ. ಡಯಟ್ ಮಾಡುವವರು ಒಂದು ತುಂಡು ಕಡಿಮೆ ತಿನ್ನಲಿ.

ಚಾಕೊಲೇಟ್ ಪದರದ ಬಗ್ಗೆ ನನಗೆ ಹಟ ಸ್ವಲ್ಪ ಜಾಸ್ತಿ. ಜೆಲ್-ಓ ಇನ್‌ಸ್ಟಂಟ್ ಪುಡ್ಡಿಂಗ್ ತಣ್ಣನೆ ಹಾಲಿನಲ್ಲೇ ಗಟ್ಟಿಯಾಗುತ್ತದೆ. ಮೊದಲೇ ಬೇಯಿಸಿ ಒಣಗಿಸಿದ ಪಿಷ್ಟ ಮತ್ತು ಫಾಸ್ಫೇಟ್ ಉಪ್ಪಿನ ಕೆಲಸ ಅದು. ಇಲ್ಲಿ ಅದಕ್ಕೆ ಸಮ ಅಂತ ಎಲ್ಲರೂ ತೋರಿಸುವುದು ಏಂಜೆಲ್ ಡಿಲೈಟ್ ಪುಡಿಯನ್ನು. ಬರ್ಡ್ಸ್ ಕಂಪನಿ 1967ರಲ್ಲಿ ತಂದಿದ್ದು, ಒಂದು ತಲೆಮಾರಿನ ಇಂಗ್ಲಿಷ್ ಮಕ್ಕಳು ಅದರಲ್ಲೇ ಬೆಳೆದಿದ್ದಾರೆ. ಆದರೆ ಅದು ಗಾಳಿ ತುಂಬಿಕೊಂಡು ಉಬ್ಬುವ ಪುಡಿ. ಬಟ್ಟಲಲ್ಲಿ ಚಮಚ ಹಾಕಿ ತಿನ್ನಲು ಸರಿ. ಟ್ರೇಯಲ್ಲಿ ಚೌಕ ಕತ್ತರಿಸಿದರೆ ಪಕ್ಕಕ್ಕೆ ಜಾರುತ್ತದೆ. ತೀರಾ ಅವಸರವಾದರೆ ಎರಡು ಪ್ಯಾಕೆಟ್‌ಗೆ 600 ಮಿಲಿ ಲೀಟರ್ ಹಾಲಿನ ಬದಲು 400 ಹಾಕಿ, ಸ್ವಲ್ಪ ನಿಲ್ಲುತ್ತದೆ. ರುಚಿ? ಅದನ್ನು ನಾನು ಹೇಳುವುದಿಲ್ಲ.

ಅದರ ಬದಲು ಕಾಲು ಗಂಟೆ ಒಲೆ ಮುಂದೆ ನಿಲ್ಲಿ. 700 ಮಿಲಿ ಲೀಟರ್ ಹಾಲು, 55 ಗ್ರಾಂ ಕಾರ್ನ್‌ಫ್ಲೋರ್, 40 ಗ್ರಾಂ ಕೋಕೋ, 100 ಗ್ರಾಂ ಸಕ್ಕರೆ. ಗಂಟಿಲ್ಲದಂತೆ ಕಲಸಿ, ಕೈ ಬಿಡದೆ ತಿರುವಿ, ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕುದಿಸಿ. ಇಳಿಸಿ, 100 ಗ್ರಾಂ ಡಾರ್ಕ್ ಚಾಕೊಲೇಟ್ ಮುರಿದು ಹಾಕಿ. ಕೆನೆಗಟ್ಟದಂತೆ ಕ್ಲಿಂಗ್ ಫಿಲ್ಮ್ ಅನ್ನು ಮೇಲ್ಮೈಗೇ ಅಂಟಿಸಿ, ಪೂರ್ತಿ ತಣಿಸಿ. ಬಿಸಿ ಇರುವಾಗ ಚೀಸ್ ಮೇಲೆ ಸುರಿದರೆ ಎರಡೂ ಕೆಡುತ್ತವೆ. ಮೊಟ್ಟೆ ಬೇಕಾಗಿಲ್ಲ, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಾಟಿನ್ ಇಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ನಮ್ಮ ಪಾಟ್‌ಲಕ್‌ಗಳಲ್ಲಿ ಇದು ಸಣ್ಣ ವಿಷಯವಲ್ಲ. ಇಲ್ಲಿನ ಅಂಗಡಿಯ ರೆಡಿ ಮೂಸ್ ಕಪ್‌ಗಳಲ್ಲಿ ಎಷ್ಟೋ ಸಲ ಜೆಲಾಟಿನ್ ಇರುತ್ತದೆ. ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಕಂಡುಹಿಡಿದದ್ದೂ ಇದೇ ದೇಶದಲ್ಲಿ, ಗೊತ್ತಾ? 1837ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್. ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ ಅಂತ ಕಾರ್ನ್‌ಫ್ಲೋರ್‌ನಿಂದ ಮಾಡಿದ. ನಮ್ಮ ಅಮ್ಮಂದಿರು ಫ್ರೂಟ್ ಸಲಾಡಿಗೆ ಕಲಸುತ್ತಿದ್ದ ಕಸ್ಟರ್ಡ್ ಪುಡಿಯ ಮೂಲ ಪುರುಷ ಆತನೇ.

ಮೇಲಿನ ಕ್ರೀಮ್‌ಗೆ ಬರೋಣ. ಅಮೆರಿಕದ ಹೆವಿ ಕ್ರೀಮ್‌ನಲ್ಲಿ ಕನಿಷ್ಠ ಶೇ 36 ಕೊಬ್ಬು. ಇಲ್ಲಿನ ಡಬಲ್ ಕ್ರೀಮ್‌ನಲ್ಲಿ ಕನಿಷ್ಠ 48. ಅದಕ್ಕೇ ಇದು ಕಣ್ಣು ಮುಚ್ಚಿ ಬಿಡುವುದರೊಳಗೆ ಗಟ್ಟಿಯಾಗಿ, ಇನ್ನೊಂದು ಸುತ್ತಿಗೆ ಬೆಣ್ಣೆಯ ಕಡೆ ತಿರುಗುತ್ತದೆ. ಬೀಟರ್ ಬೇಗ ನಿಲ್ಲಿಸಿ, ಕೊನೆಯದನ್ನು ಕೈಯಲ್ಲೇ ಮಾಡಿ. 300 ಮಿಲಿ ಲೀಟರ್‌ನ ಒಂದು ಡಬ್ಬಿ ಒಂದು ಟ್ರೇಗೆ ಸಾಕು. ಸಕ್ಕರೆ ಹಾಕಲೇಬೇಡಿ. ಕೂಲ್ ವಿಪ್ ಸಿಹಿಯಾಗಿರುವುದರಿಂದ ಅಮೆರಿಕದ್ದು ಮೇಲಿಂದ ಕೆಳಗಿನ ತನಕ ಒಂದೇ ಸಿಹಿ. ಇಲ್ಲಿ ಸಪ್ಪೆ ಕ್ರೀಮ್, ಕೆಳಗೆ ಕಹಿ ಚಾಕೊಲೇಟ್, ಅದರ ಕೆಳಗೆ ಹುಳಿ ಚೀಸ್. ಒಂದೊಂದೂ ಬೇರೆಯಾಗಿ ಗೊತ್ತಾಗುತ್ತದೆ. ನನ್ನ ಇಡೀ ವಾದ ಇಷ್ಟೇ.

ಮೇಲೆ ಉದುರಿಸಲು ಚಾಕೊಲೇಟ್ ತುರಿಯುವ ಕಷ್ಟವೂ ಬೇಡ. ಕ್ಯಾಡ್‌ಬರಿಯ ಫ್ಲೇಕ್ ಅನ್ನುವ ಪುಡಿಪುಡಿ ಚಾಕೊಲೇಟ್ ಇದೆ, 1920ರಿಂದ. ಕಾಗದ ಬಿಚ್ಚದೆ ಒಮ್ಮೆ ಹಿಸುಕಿ, ಉದುರಿಸಿ.

ನ್ಯೂಜೆರ್ಸಿಯ ನಮ್ಮ ಅಕ್ಕ ಒಪ್ಪಿಲ್ಲ. ‘ಲೇ, ಇಷ್ಟೆಲ್ಲ ಒಲೆ ಹಚ್ಚಿ ಮಾಡೋದಾದ್ರೆ ಇದನ್ನ ಯಾಕೆ ಮಾಡ್ಬೇಕೇ? ಹತ್ತು ನಿಮಿಷದಲ್ಲಿ ಆಗುತ್ತೆ ಅಂತಲೇ ನಾವು ಮಾಡೋದು’ ಅಂದಳು. ಅವಳ ಮಾತಿನಲ್ಲಿ ನ್ಯಾಯ ಇದೆ. ಕೆಲಸದಿಂದ ಬಂದು, ಮಕ್ಕಳನ್ನು ಕ್ಲಾಸಿಗೆ ಬಿಟ್ಟು, ಆರು ಗಂಟೆಗೆ ಯಾರದೋ ಮನೆಗೆ ಹೊರಡಬೇಕಾದವಳಿಗೆ ಪ್ಯಾಕೆಟ್ಟೇ ದೇವರು. ಆದರೆ ಆ ಪ್ಯಾಕೆಟ್ ಅವಳಿಗೆ ಪಕ್ಕದ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ನಾವು ಅದನ್ನೇ ದುಬಾರಿ ಕೊಟ್ಟು ತರಿಸಿ, ವಾರ ಕಾದು ಮಾಡಿದರೆ ಅದು ಹತ್ತು ನಿಮಿಷದ ಸಿಹಿ ಹೇಗಾಗುತ್ತದೆ?

ಇಲ್ಲಿನ ಪಕ್ಕದ ಮನೆಯಾಕೆಯ ತಕರಾರು ಬೇರೆ: ಇದು ನಮ್ಮ ಟ್ರೈಫಲ್ (ಕೇಕ್, ಕಸ್ಟರ್ಡ್, ಕ್ರೀಮ್ ಪದರದ ಸಿಹಿ) ಅಲ್ಲವೇ ಅಂತ. ಅಲ್ಲ ಮಾರಾಯ್ತಿ. ಟ್ರೈಫಲ್ ಗಾಜಿನ ಬಟ್ಟಲಲ್ಲಿ ಕೂತು ಚಮಚಕ್ಕೆ ಕಾಯುತ್ತದೆ. ಇದನ್ನು ಕತ್ತರಿಸಬೇಕು, ತಟ್ಟೆಯಲ್ಲಿ ನೆಟ್ಟಗೆ ನಿಲ್ಲಬೇಕು.

ಒಂದು ವಿಷಯದಲ್ಲಿ ಮಾತ್ರ ಅಮೆರಿಕದ್ದೇ ಮೇಲು. ಅದನ್ನು ಫ್ರೀಜ್ ಮಾಡಬಹುದು. ನಮ್ಮದರಲ್ಲಿ ಕಾರ್ನ್‌ಫ್ಲೋರ್ ಇರುವುದರಿಂದ ಫ್ರೀಜರ್‌ನಿಂದ ತೆಗೆದ ಮೇಲೆ ನೀರು ಬಿಡುತ್ತದೆ. ಶನಿವಾರ ಊಟಕ್ಕೆ ಕರೆದಿದ್ದರೆ ಶುಕ್ರವಾರ ರಾತ್ರಿ ಮಾಡಿಡಿ, ಭಾನುವಾರದೊಳಗೆ ಮುಗಿಸಿ. ಹಾಲ್ ಬಾಡಿಗೆ ಹಿಡಿದು ಮಾಡುವ ಯುಗಾದಿ, ಹುಟ್ಟುಹಬ್ಬದಂಥ ಕಡೆ ಟ್ರೇ ಬಹಳ ಹೊತ್ತು ಹೊರಗಿರುತ್ತದೆ ಅನ್ನಿಸಿದರೆ ಮೇಲಿನ ಪದರಕ್ಕೆ ಎಲ್ಮ್‌ಲೀ ಹಾಕಿ. ಮಜ್ಜಿಗೆ ಮತ್ತು ಸಸ್ಯದ ಎಣ್ಣೆ ಸೇರಿಸಿ ಮಾಡಿದ್ದು, ಬೇಗ ಇಳಿಯುವುದಿಲ್ಲ. ಈ ಚೀಸ್ ಬದಲು ಮಸ್ಕರ್ಪೋನೆ ಅನ್ನುವ ಇಟಲಿಯ ಕೆನೆ ಚೀಸ್ ಹಾಕಿ ಮಾಡಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಅದರಲ್ಲಿ ಕೊಬ್ಬು ಜಾಸ್ತಿ, ಗಟ್ಟಿಯಾಗಿ ನಿಲ್ಲಬೇಕು. ಹುಳಿ ಇಲ್ಲವಲ್ಲ, ನಿಂಬೆರಸ ಎಷ್ಟು ಹಾಕಿದಿರಿ ಅಂತಲೂ ಹೇಳಿ.